ಸಹಾಯ ಬೇಕು: ಮಾರ್ಚ್‌ನಲ್ಲಿ ಮಿನಿಕಾಯ್‌ಗೆ ಹೋಗಿ ಬಂದವರು ಇದ್ದೀರಾ?

ನಮಸ್ಕಾರ. ಕೊಡಗಿನ ನಾಪೋಕ್ಲು ಹತ್ತಿರ ನಮ್ಮ ತೋಟ. ಕಾಫಿ ಕುಯ್ಲು ಮುಗಿಯಿತು, ಕಣದಲ್ಲಿದ್ದ ರೊಬಸ್ಟಾ ಚೀಲ ಸೇರಿತು. ಕಾಫಿ ಹೂ ಅರಳಿಸುವ ಹೂಮಳೆ ಬಂದು ಹೋದರೆ ಒಂದು ವಾರ ಬಿಡುವು. ಆಗ ಅಮ್ಮನನ್ನು ಲಕ್ಷದ್ವೀಪದ ಮಿನಿಕಾಯ್‌ಗೆ ಕರೆದುಕೊಂಡು ಹೋಗುವ ಆಸೆ. ನನಗೆ 1885ರ ಲೈಟ್‌ಹೌಸ್ ಹತ್ತಬೇಕು, ಹವಳದ ದಂಡೆ ನೋಡಬೇಕು. ಅಮ್ಮನಿಗೆ ಅಲ್ಲಿನ ಟ್ಯೂನಾ ಮೀನಿನ ಮೇಲೆ ಕಣ್ಣು!

ಪರ್ಮಿಟ್ ಬೇಕು, ಹಡಗು ಕೊಚ್ಚಿಯಿಂದ, ಅಷ್ಟು ಗೊತ್ತು. ಪರ್ಮಿಟ್‌ಗೆ ಎಷ್ಟು ದಿನ ಮೊದಲೇ ಅರ್ಜಿ ಹಾಕಿದಿರಿ? ಒಬ್ಬ ಏಜೆಂಟ್ ಫೋನಲ್ಲೇ ಪೂರ್ತಿ ಹಣ ಕೇಳಿದ, ಸುಮ್ನೆ ಕೊಡಲು ಧೈರ್ಯವಿಲ್ಲ.

ದೊಡ್ಡ ಚಿಂತೆ ಬೇರೆ. ಭಾಗಮಂಡಲದ ತಿರುವುಗಳಲ್ಲೇ ಅಮ್ಮ ನಿಂಬೆಹಣ್ಣು ಮೂಸುತ್ತಾ ಕಣ್ಣು ಮುಚ್ಚಿ ಕೂರುತ್ತಾರೆ. ರಾತ್ರಿಯಿಡೀ ಹಡಗು ತಡೆದುಕೊಳ್ಳುತ್ತಾರಾ? ವಯಸ್ಸಾದವರನ್ನು ಕರೆದುಕೊಂಡು ಹೋದವರು ದಯವಿಟ್ಟು ಹೇಳಿ.