ಸಹಾಯ ಬೇಕು: ಹಳೇ ನೀಲಿ ಸ್ಲೀಪರ್ ಬೋಗಿಯ ಕಿಟಕಿ

ಎಲ್ಲರಿಗೂ ನಮಸ್ಕಾರ. ಓಪನ್ ರೈಲ್ಸ್ ಎಂಬ ರೈಲು ಸಿಮ್ಯುಲೇಟರ್‌ಗಾಗಿ ಐಸಿಎಫ್ (ಚೆನ್ನೈನ ಪೆರಂಬೂರಿನ ಇಂಟೆಗ್ರಲ್ ಕೋಚ್ ಫ್ಯಾಕ್ಟರಿ) ವಿನ್ಯಾಸದ ಸ್ಲೀಪರ್ ಬೋಗಿಯ ಒಳಭಾಗವನ್ನು ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಮಾಡುತ್ತಿದ್ದೇನೆ. 8 ಬರ್ತ್‌ನ ಒಂದು ವಿಭಾಗ ಮಾಡಿ 9 ಸಲ ಜೋಡಿಸಿದರೆ 72 ಬರ್ತ್ ಆಯಿತು. ಅದು ಸಲೀಸು.

ತೊಡಕಿರುವುದು ಕಿಟಕಿಯಲ್ಲಿ. ಅಡ್ಡ ಸರಳು, ಗಾಜಿನ ಶಟರ್, ಪಟ್ಟಿಪಟ್ಟಿ ಲೋಹದ ಶಟರ್, ಎಲ್ಲಾ ಒಂದರ ಹಿಂದೊಂದು. ಪ್ರಯಾಣಿಕರ ಕ್ಯಾಮೆರಾದಿಂದ ನೋಡಿದರೆ ಗಾಜಿನಾಚೆಯ ಸರಳೇ ಕಾಣುವುದಿಲ್ಲ! ಸರಳನ್ನು ಪಾರದರ್ಶಕ ಟೆಕ್ಸ್‌ಚರ್‌ನಲ್ಲಿ (ಮೇಲ್ಮೈಗೆ ಅಂಟಿಸುವ ಚಿತ್ರ) ಬಿಡಿಸಿದ್ದೇನೆ. ನಿಜವಾದ ಮೆಶ್ (3ಡಿ ಆಕಾರ) ಮಾಡಿದರೆ ಪಾಲಿಗನ್ (ಆಕಾರದ ಮುಖಗಳು) ಜಾಸ್ತಿ ಆಗುತ್ತದೆ ಅಲ್ವಾ? ನೀವು ಹೇಗೆ ಮಾಡಿದ್ದೀರಿ?

ಇನ್ನೊಂದು ವಿಷಯ. ಮಧ್ಯದ ಬರ್ತ್‌ನ ಸರಪಳಿ, ಅದರ ಕೊಕ್ಕೆ, ಕಿಟಕಿ ಪಕ್ಕದ ಮಡಚುವ ಮೇಜು, ಇವುಗಳ ಹತ್ತಿರದ ಫೋಟೋ, ಅಳತೆ ಇದ್ದರೆ ದಯವಿಟ್ಟು ಹಾಕಿ. ಈ ಬೋಗಿ ವಿನ್ಯಾಸದ ತಯಾರಿಕೆ ಪೆರಂಬೂರಿನಲ್ಲಿ 2018ರಲ್ಲೇ ನಿಂತಿದೆ. ಬೋಗಿಗಳು ಪೂರ್ತಿ ಮರೆಯಾಗುವ ಮೊದಲೇ ಸರಿಯಾಗಿ ಮಾಡಬೇಕೆಂಬ ಆಸೆ.