ಅಪ್ಪ-ಅಮ್ಮನ ಜೊತೆ ವ್ಯಾಂಕೂವರ್ ಕಾಡಿನಲ್ಲಿ ನಡೆಯೋಕೆ ಸುಲಭದ ದಾರಿ ಯಾವುದು?

ಕೇಳಿದವರು (ಬರ್ನಬಿ, ಊರು ಹಾಸನ):

ನಮಸ್ಕಾರ. ಅಪ್ಪ-ಅಮ್ಮ ಮೇ ತಿಂಗಳಲ್ಲಿ ವ್ಯಾಂಕೂವರ್‌ಗೆ ಬರ್ತಿದ್ದಾರೆ, ಮೂರು ತಿಂಗಳು ಇರ್ತಾರೆ. ಅಪ್ಪನಿಗೆ 71, ದಿನಾ ಬೆಳಿಗ್ಗೆ ವಾಕಿಂಗ್ ಮಾಡಿ ಅಭ್ಯಾಸ. ಅಮ್ಮನಿಗೆ ಮಂಡಿ ನೋವು, ಒಂದು ಗಂಟೆ ನಡೆದರೆ ಸಾಕಾಗುತ್ತೆ. ಇಬ್ಬರೂ ನಾಲ್ಕು ಗೋಡೆ ಮಧ್ಯೆ ಟಿವಿ ನೋಡ್ಕೊಂಡು ಕೂರೋದು ನನಗೆ ಇಷ್ಟ ಇಲ್ಲ. ನಮ್ಮ ಹತ್ತಿರ ಕಾರಿಲ್ಲ, ಮನೆ ಮೆಟ್ರೋಟೌನ್ ಹತ್ತಿರ. ಸ್ಟ್ಯಾನ್ಲಿ ಪಾರ್ಕ್‌ನಲ್ಲೋ ಅಕ್ಕಪಕ್ಕದಲ್ಲೋ ಏರಿಳಿತ ಇಲ್ಲದ ದಾರಿ ಗೊತ್ತಿದ್ದರೆ ಹೇಳಿ. ಸೀವಾಲ್ (ಪಾರ್ಕ್ ಸುತ್ತ ಸಮುದ್ರದಂಚಿನ ಕಟ್ಟೆ ದಾರಿ) ಪೂರ್ತಿ ಒಂದು ಸುತ್ತು ಹಾಕಿಸೋಣ ಅಂದುಕೊಂಡಿದ್ದೀನಿ, ಆಗುತ್ತಾ?

ಮೊದಲ ಉತ್ತರ (ತೀರ್ಥಹಳ್ಳಿ ಕಡೆಯವರು):

ಪೂರ್ತಿ ಸುತ್ತು ದಯವಿಟ್ಟು ಬೇಡ. ಹೆಚ್ಚುಕಮ್ಮಿ ಹತ್ತು ಕಿಲೋಮೀಟರ್ ಆಗುತ್ತೆ. ಸಮತಟ್ಟು ಅನ್ನೋದೇನೋ ನಿಜ, ಆದರೆ ಉದ್ದಕ್ಕೂ ಗಟ್ಟಿ ನೆಲ. ಲಯನ್ಸ್ ಗೇಟ್ ಸೇತುವೆ ಕೆಳಗೆ ದಾಟಿದ ಮೇಲೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬಂಡೆ. ಅಲ್ಲಿ ಸುಸ್ತಾದರೆ ಮುಂದೆ ಹೋಗಬೇಕು, ಇಲ್ಲಾ ಬಂದಷ್ಟೇ ದಾರಿ ವಾಪಸ್ ನಡೀಬೇಕು. ನಾನು ಅಮ್ಮ ಬಂದ ಮೊದಲ ವಾರವೇ ಈ ತಪ್ಪು ಮಾಡಿದೆ. ಸಿವಾಶ್ ರಾಕ್ ತಲುಪೋ ಹೊತ್ತಿಗೆ ಅವರ ಎಡ ಮಂಡಿ ಊದಿಕೊಂಡಿತ್ತು. ಅಲ್ಲಿಂದ ಥರ್ಡ್ ಬೀಚ್‌ವರೆಗೂ ನನ್ನ ಭುಜ ಹಿಡಿದುಕೊಂಡು ಬಂದರು, ಆಮೇಲೆ ನಾಲ್ಕು ದಿನ ಹೊಸ್ತಿಲು ದಾಟಲಿಲ್ಲ.

ಆಮೇಲೆ ನಾವು ಕಾಡಿನೊಳಗೇ ಹೋಗೋಕೆ ಶುರು ಮಾಡಿದ್ವಿ. ಸ್ಟ್ಯಾನ್ಲಿ ಪಾರ್ಕ್ ಅಂದ್ರೆ ಎಲ್ಲರೂ ಸೀವಾಲ್ ಅಂತಾರೆ, ಆದರೆ 405 ಹೆಕ್ಟೇರ್‌ನಲ್ಲಿ ಬಹುಪಾಲು ಕಾಡೇ. ಒಳಗಿನ ದಾರಿಗಳು ಮಣ್ಣು, ಪುಡಿಜಲ್ಲಿ. ಕಾಲಿಟ್ಟರೆ ಮೆತ್ತಗಿರುತ್ತೆ. ಮಂಡಿಗೆ ಆ ವ್ಯತ್ಯಾಸ ಎಷ್ಟು ಅಂತ ಅಮ್ಮನ ಮುಖದಲ್ಲೇ ಗೊತ್ತಾಗ್ತಿತ್ತು.

ನಿಮಗೆ 19ನೇ ನಂಬರ್ ಬಸ್ ಇದೆ. ಪಾರ್ಕ್ ಒಳಗೇ ಅದರ ಕೊನೇ ಸ್ಟಾಪ್. ಇಳಿದು ಪೈಪ್‌ಲೈನ್ ರೋಡ್ ಪಕ್ಕದಲ್ಲೇ ನಿಧಾನ ನಡೆದರೆ ಬೀವರ್ ಲೇಕ್ ಸಿಗುತ್ತೆ. ಕೆರೆ ಸುತ್ತ ಒಂದು ಸುತ್ತು ಸುಮಾರು ಒಂದು ಕಿಲೋಮೀಟರ್, ಏರು ಅಂತ ಹೇಳೋ ಹಾಗೇ ಇಲ್ಲ. ಬೇಸಿಗೆಯಲ್ಲಿ ನೀರು ಕಾಣದ ಹಾಗೆ ತಾವರೆ ಜಾತಿಯ ಎಲೆ ಹರಡಿರುತ್ತೆ. ಅಮ್ಮ ಮೊದಲ ದಿನ ಹತ್ತು ಹೆಜ್ಜೆಗೊಮ್ಮೆ ಸೀರೆ ಎತ್ತಿ ಹಿಮ್ಮಡಿ ನೋಡ್ಕೊಳ್ತಿದ್ದರು. ಇಷ್ಟು ತೇವ, ಇಷ್ಟು ಪಾಚಿ, ಇಷ್ಟು ಜರಿಗಿಡ ಇರೋ ಕಾಡಲ್ಲಿ ಇಂಬಳ ಇರೋದಿಲ್ಲ ಅಂತ ನಂಬೋಕೆ ಅವರಿಗೆ ಒಂದು ವಾರ ಬೇಕಾಯ್ತು.

ದಾರಿ ಪಕ್ಕ ದೊಡ್ಡ ದೊಡ್ಡ ಸೀಡರ್ ಮೊಂಡುಗಳು ಕಾಣ್ತವೆ. 1888ರಲ್ಲಿ ಪಾರ್ಕ್ ಆಗೋದಕ್ಕೂ ಮುಂಚೆ ಕಡಿದ ಮರಗಳ ಬುಡ ಅವು. ಹತ್ತಿರ ಹೋಗಿ ನೋಡಿ, ಕೆಲವು ಬುಡಗಳಲ್ಲಿ ಆಳೆತ್ತರದಲ್ಲಿ ಚೌಕಾಕಾರದ ಗೂಡು ಕೊರೆದಿರುತ್ತೆ. ಅಮ್ಮ ಅದರೊಳಗೆ ಕೈ ಹಾಕಿ ಸವರಿ, "ಇದೇನೇ, ದೀಪ ಇಡೋ ಗೂಡಾ?" ಅಂದರು. ಮರ ಕಡಿಯೋರು ಅದರಲ್ಲಿ ಹಲಗೆ ಸಿಕ್ಕಿಸಿ, ಅದರ ಮೇಲೆ ನಿಂತು ಗರಗಸ ಎಳೀತಿದ್ದರಂತೆ, ಬುಡ ಅಷ್ಟು ದಪ್ಪ ಇರ್ತಿತ್ತು ಅಂತ ಹೇಳಿದೆ. ಆ ಮೊಂಡಿನ ತಲೆ ಮೇಲೆ ಈಗ ಇನ್ನೊಂದು ಹೆಮ್ಲಾಕ್ ಮರ ಬೆಳೆದು, ಅದರ ಬೇರು ಹಳೇ ಬುಡವನ್ನ ತಬ್ಬಿಕೊಂಡು ನೆಲಕ್ಕೆ ಇಳಿದಿದೆ. ಅವತ್ತು ನಾವು ನಡೆದಿದ್ದಕ್ಕಿಂತ ನಿಂತಿದ್ದೇ ಜಾಸ್ತಿ.

ಬಂದ ಮೊದಲ ನಾಲ್ಕೈದು ದಿನ, ನಿದ್ದೆ ಹೊಂದಿಕೊಳ್ಳೋವರೆಗೆ, ಲಾಸ್ಟ್ ಲಗೂನ್ ಕೆರೆ ಸಾಕು. ಸುತ್ತು ಎರಡು ಕಿಲೋಮೀಟರ್‌ಗೂ ಕಮ್ಮಿ, ಊರಿಗೆ ಅಂಟಿಕೊಂಡೇ ಇದೆ. ಅಪ್ಪನಿಗೆ ಇನ್ನೂ ಬೇಕು ಅನಿಸಿದರೆ ಅಲ್ಲಿಂದ ಟ್ಯಾಟ್ಲೋ ವಾಕ್ ಹಿಡೀಲಿ. ಅಗಲವಾದ ದಾರಿ, ಮರಗಳೂ ಎತ್ತರ.

ಎರಡನೇ ಉತ್ತರ (ಧಾರವಾಡದವರು):

ಅಕ್ಕಾರು ಹೇಳಿದ್ದು ಖರೇ ಅದ, ಆದ್ರ ಸೀವಾಲ್ ಪೂರಾ ಬಿಡಬ್ಯಾಡ್ರಿ. ತುಂಡು ತುಂಡು ಮಾಡಿ ನಡೀರಿ. ಸೆಕೆಂಡ್ ಬೀಚ್‌ನಿಂದ ಥರ್ಡ್ ಬೀಚ್‌ತನಕ ಒಂದೂವರೆ ಕಿಲೋಮೀಟರ್ ಆಸುಪಾಸು ಆಗ್ತದ, ಎರಡೂ ಕಡೆ ಶೌಚಾಲಯ ಅದಾವ. ವಯಸ್ಸಾದವ್ರನ್ನ ಕರಕೊಂಡು ಹೋಗುವಾಗ ಇದನ್ನ ಮೊದಲ ನೋಡಬೇಕು. ಕಾಡಿನ ಒಳಗ ಹಂಗ ಎಲ್ಲೆಂದರಲ್ಲಿ ಸಿಗೂದಿಲ್ಲ. ದಾರಿ ತುಂಬ ಬೆಂಚ್ ಅದಾವ. ಒಂದೊಂದು ಬೆಂಚಿಗೂ ತೀರಿಕೊಂಡವರ ಹೆಸರಿನ ಫಲಕ ಹಚ್ಚ್ಯಾರ, ಮನಿಯವರು ನೆನಪಿಗೆ ಕೊಟ್ಟಿದ್ದು. ನಮ್ಮಪ್ಪ ಪ್ರತಿ ಬೆಂಚಿನ ಮುಂದ ನಿಂತು, ಓದಿ, ಕೈ ಮುಗಿದು ಆಮ್ಯಾಲೆ ಕೂಡತಿದ್ರು.

ಸೈಕಲ್‌ಗೆ ಬ್ಯಾರೆ ಪಟ್ಟಿ ಅದ, ಆ ಗೆರಿ ದಾಟಬ್ಯಾಡ್ರಿ. ಮೇದಾಗ ಬರ್ತಾರಂದ್ರ ಇಂಗ್ಲಿಷ್ ಬೇ ಕಡೆ ಟೆನಿಸ್ ಕೋರ್ಟ್ ಹತ್ರ ತಲಿ ಎತ್ತಿ ನೋಡ್ರಿ. ಎತ್ತರದ ಮರದಾಗ ನೀಲಿ ಬಕಪಕ್ಷಿ ಗೂಡು ಕಟ್ಟಿರ್ತಾವ. ಮರಿ ಒದರೂ ದನಿ ರಸ್ತೆತನಕ ಕೇಳಸ್ತದ.

ಮೂರನೇ ಉತ್ತರ (ಕುಂದಾಪುರದವರು, ಯುಬಿಸಿ ವಿಶ್ವವಿದ್ಯಾಲಯದ ಹತ್ತಿರ ವಾಸ):

ಪೆಸಿಫಿಕ್ ಸ್ಪಿರಿಟ್ ಪಾರ್ಕನ್ನೂ ಪಟ್ಟಿಗೆ ಸೇರಿಸಿ. ಸ್ಟ್ಯಾನ್ಲಿ ಪಾರ್ಕ್‌ಗಿಂತ ದೊಡ್ಡದು, ಪ್ರವಾಸಿಗರ ಗದ್ದಲ ಇಲ್ಲ. 19ನೇ ಅವೆನ್ಯೂ ತುದಿಯಲ್ಲಿ ಕಮೋಸನ್ ಬಾಗ್ ಅಂತ ಒಂದು ಜೌಗು ಇದೆ, ಅದರ ಮೇಲೆ ಮರದ ಹಲಗೆಯ ದಾರಿ ಹಾಕಿದ್ದಾರೆ. ತುಂಬ ಚಿಕ್ಕ ಸುತ್ತು, ಅಮ್ಮನಿಗೆ ಹೇಳಿ ಮಾಡಿಸಿದ ಹಾಗಿದೆ. ಹಲಗೆ ಮೇಲಿಂದಲೇ ಬಗ್ಗಿ ನೋಡಿದರೆ ಹುಳ ಹಿಡಿದು ತಿನ್ನೋ ಪುಟ್ಟ ಕೆಂಪು ಗಿಡ ಕಾಣುತ್ತೆ.

ಒಂದು ಎಚ್ಚರಿಕೆ. ಅದೇ ಪಾರ್ಕಿನ ಅಂಚಿನಲ್ಲಿ ರೆಕ್ ಬೀಚ್ ಅನ್ನೋ ಬೋರ್ಡ್ ಕಂಡು ಇಳಿಸಿಬಿಡಬೇಡಿ. ನಾನೂರಕ್ಕೂ ಹೆಚ್ಚು ಮೆಟ್ಟಿಲು, ಮಂಡಿ ನೋವಿನವರಿಗೆ ವಾಪಸ್ ಹತ್ತೋದು ಹಿಂಸೆ. ಅಲ್ಲದೆ ಅಲ್ಲಿ ಬಟ್ಟೆ ಇಲ್ಲದೆ ಓಡಾಡೋಕೆ ಅನುಮತಿ ಇದೆ. ಹಿರಿಯರ ಜೊತೆ ಇದ್ದಾಗ ಮುಂಚೆಯೇ ಗೊತ್ತಿದ್ದರೆ ಒಳ್ಳೇದು.

ಲೈಟ್‌ಹೌಸ್ ಪಾರ್ಕ್ ಅಂತ ಯಾರಾದರೂ ಹೇಳ್ತಾರೆ. ಕಾಡು ಬಹಳ ಚೆಂದ, ಆದರೆ ದೀಪಸ್ತಂಭದವರೆಗೆ ಇಳಿಜಾರು, ಬರುವಾಗ ಅಷ್ಟೂ ಏರು. ಅಪ್ಪ ಒಬ್ಬರೇ ಹೋಗಲಿ.

ಮತ್ತೆ ಮೊದಲ ಉತ್ತರದವರು:

ಎರಡು ವಿಷಯ ಬಿಟ್ಟುಹೋಗಿತ್ತು. ಹುಳ ಬಿದ್ದು ಹೆಮ್ಲಾಕ್ ಮರಗಳು ಬಹಳ ಒಣಗಿವೆ, 2023ರಿಂದ ಕಡಿದು ತೆಗೀತಿದ್ದಾರೆ. ಹಾಗಾಗಿ ಇವತ್ತು ತೆರೆದಿದ್ದ ದಾರಿ ನಾಳೆ ಮುಚ್ಚಿರಬಹುದು, ಹೊರಡೋ ಮುಂಚೆ ಪಾರ್ಕಿನವರ ಸೂಚನೆ ನೋಡಿ. ಗಾಳಿ ಜೋರಿದ್ದ ದಿನ ಒಳಗೆ ಹೋಗಲೇಬೇಡಿ. 2006ರ ಡಿಸೆಂಬರ್ ಬಿರುಗಾಳಿಗೆ ಈ ಪಾರ್ಕಲ್ಲಿ ಸುಮಾರು 10,000 ಮರ ಉರುಳಿದ್ದವು. ಇನ್ನೊಂದು, ನಮ್ಮ ಹಿರಿಯರಿಗೆ ಕೈಲಿರೋದರಲ್ಲಿ ಒಂದು ತುತ್ತು ಪ್ರಾಣಿಗೆ ಹಾಕೋ ಅಭ್ಯಾಸ. ಇಲ್ಲಿ ರಕೂನ್‌ಗಾಗಲಿ ಕಯೋಟಿಗಾಗಲಿ (ತೋಳದ ಜಾತಿಯ ಚಿಕ್ಕ ಪ್ರಾಣಿ) ಏನೂ ಹಾಕೋ ಹಾಗಿಲ್ಲ, ದಂಡ ಇದೆ. ತಿಂಡಿ ರುಚಿ ಕಂಡ ಕಯೋಟಿಗಳು ಜನರ ಮೇಲೆ ಬೀಳೋಕೆ ಶುರು ಮಾಡಿ, 2021ರಲ್ಲಿ ಕೆಲವನ್ನ ಕೊಂದೇ ಹಾಕಿದರು. ಇದನ್ನ ಅಮ್ಮನಿಗೆ ಹೇಳಿದ ಮೇಲೆ ಅವರು ಅವಲಕ್ಕಿ ಡಬ್ಬಿಯನ್ನ ಕಾಡಲ್ಲಿ ತೆಗೀಲೇ ಇಲ್ಲ.

ಕೇಳಿದವರು:

ಎಲ್ಲರಿಗೂ ತುಂಬಾ ಧನ್ಯವಾದ. ಪೂರ್ತಿ ಸುತ್ತಿನ ಯೋಚನೆ ಬಿಟ್ಟೆ. ಇನ್ನೊಂದೇ ಪ್ರಶ್ನೆ, ಅಮ್ಮ ಸೀರೆ ಮೇಲೆ ಶೂ ಹಾಕಲ್ಲ ಅಂತ ಹಟ. ಚಪ್ಪಲಿಯಲ್ಲಿ ಆಗುತ್ತಾ?

ಮೊದಲ ಉತ್ತರದವರು:

ಹವಾಯಿ ಚಪ್ಪಲಿ ಖಂಡಿತ ಬೇಡ, ಒದ್ದೆ ಬೇರಿನ ಮೇಲೆ ಜಾರುತ್ತೆ. ನಮ್ಮಮ್ಮನೂ ಹಾಗೇ ಅಂದಿದ್ದರು. ಹಿಮ್ಮಡಿಗೆ ಪಟ್ಟಿ ಇರೋ, ತಳ ಒರಟಾದ ಸ್ಯಾಂಡಲ್ ತಂದುಕೊಟ್ಟೆ, ಒಳಗೆ ಕಾಲುಚೀಲ. ಸೀರೆ ಗಿಡ್ಡಕ್ಕೆ ಉಡಿಸಿ, ನಮ್ಮ ಕಡೆ ತೋಟಕ್ಕೆ ಹೋಗುವಾಗ ಉಡ್ತಾರಲ್ಲ, ಹಾಗೆ. ಕೈಗೊಂದು ಕೋಲು ಕೊಡಿ. ಬೇಡ ಅಂದರೆ ಅಪ್ಪನ ಕೈಲಿ ಹಿಡಿಸಿ. ಅರ್ಧ ದಾರಿಯಲ್ಲಿ ಅಮ್ಮನೇ ಇಸ್ಕೊಳ್ತಾರೆ.