ಸೊನ್ನೆ-ಸೊನ್ನೆ ಜೊತೆಗೆ ಇನ್ನೊಂದು ಸೊನ್ನೆ ಬಿದ್ದರೆ ನೂರಾ, ಸೊನ್ನೆಯಾ?

ಮುಳ್ಳೇರಿಯದ ಚಿಕ್ಕಮ್ಮ:

ಎಲ್ಲರಿಗೂ ನಮಸ್ಕಾರ. ಒಂದು ಜಗಳ ಬಗೆಹರಿಸಿಕೊಡಿ.

ನಮ್ಮ ಮನೆ ಕಾಸರಗೋಡಿನ ಮುಳ್ಳೇರಿಯದ ಹತ್ತಿರ. ಜೋರು ಮಳೆಗೆ ಕಲೆಕ್ಟರ್ ರಜೆ ಕೊಟ್ಟ ದಿನ ಅಕ್ಕನ ಮಗಳು, ಪಕ್ಕದ ಮನೆಯ ಇಬ್ಬರು ಮಕ್ಕಳು ನಮ್ಮ ಜಗಲಿಯಲ್ಲಿ ಸೇರುತ್ತಾರೆ. ನಾನು ಕಥೆ ನಡೆಸುತ್ತೇನೆ, ಅವರು ಪಾತ್ರಗಳಾಗುತ್ತಾರೆ. ಈಗ ನಡೆಯುತ್ತಿರುವುದು ಕೆಳದಿ ನಾಯಕರ ಕಾಲದ ಕಥೆ. ಕುಂಬಳೆಯಿಂದ ಹೊರಟು, ಚಂದ್ರಗಿರಿ ಹೊಳೆ ದಾಟಿ, ಬೇಕಲ ಕೋಟೆಗೆ ಗುಟ್ಟಿನ ಓಲೆ ಮುಟ್ಟಿಸಬೇಕು.

ಅಕ್ಕನ ಮಗಳಿಗೆ 13 ವರ್ಷ. ಅವಳದು ದೋಣಿ ನಡೆಸುವ ಹುಡುಗಿಯ ಪಾತ್ರ. ಅವಳ ಹಾಳೆಯಲ್ಲಿ ದೋಣಿಗೆ 45 ಅಂತ ಬರೆದಿದೆ. ಎರಡು ಹತ್ತು ಮುಖದ ದಾಳ ಎಸೆದು 45 ಅಥವಾ ಅದಕ್ಕಿಂತ ಕಡಿಮೆ ಬಂದರೆ ದೋಣಿ ಆಚೆ ದಡ ಸೇರುತ್ತದೆ. ಒಂದು ದಾಳದಲ್ಲಿ 00, 10, 20 ಹೀಗೆ 90ರವರೆಗೆ ಇದೆ. ಇನ್ನೊಂದರಲ್ಲಿ 0ಯಿಂದ 9. 40 ಮತ್ತು 5 ಬಿದ್ದರೆ 45 ಅಂತ ಓದಬೇಕು.

ಎಸೆದಳು. 00 ಬಿತ್ತು. ಜೊತೆಗೆ 0.

ಅವಳು ಎದ್ದು ನಿಂತು ಚಪ್ಪಾಳೆ ಹೊಡೆದಳು. ಸೊನ್ನೆಗಿಂತ ಕಡಿಮೆ ಏನಿದೆ, ಅಲ್ವಾ? ಪಕ್ಕದ ಮನೆಯ ಹುಡುಗ ಮಲಯಾಳ ಮೀಡಿಯಂ, ಅವನೂ "ಪೂಜ್ಯಂ, ಪೂಜ್ಯಂ" (ಸೊನ್ನೆ, ಸೊನ್ನೆ) ಅಂತ ಕೂಗಿದ. ನಾನು ಮಾತ್ರ ಎಲ್ಲೋ ಓದಿದ ನೆನಪಿನಲ್ಲಿ ಇದು ನೂರು ಅಂದೆ. ದೋಣಿ ಮುಳುಗಿತು ಅಂತ ಹೇಳಿಬಿಟ್ಟೆ. ಅವಳ ಮುಖ ಬಾಡಿತು. ಹಾಳೆ ಮಡಚಿಟ್ಟು ಒಳಗೆ ಹೋದಳು. ಮರುದಿನ ಆಟಕ್ಕೆ ಕರೆದರೂ ಬರಲಿಲ್ಲ.

ನಾನು ಹೇಳಿದ್ದು ಸರಿಯಾ? ಸರಿಯಾದರೂ ಹಾಗೆ ಹೇಳಬಾರದಿತ್ತಾ? ಇನ್ನೊಂದು ತೊಂದರೆಯೂ ಆಗಿದೆ. ಆ ಗಲಾಟೆಯಲ್ಲಿ 0-9ರ ದಾಳ ಜಗಲಿಯಿಂದ ಉರುಳಿ ಮಾಡಿನ ನೀರು ಹರಿಯುವ ಕಣಿಗೆ ಬಿತ್ತು. ಹುಡುಕಿದೆವು, ಸಿಗಲಿಲ್ಲ. ಅಜ್ಜನ ಪೆಟ್ಟಿಗೆಯಲ್ಲಿ ಕವಡೆ ಇದೆ. ಹತ್ತು ಕವಡೆ ಎಸೆದು ಎಷ್ಟು ಅಂಗಾತ ಬಿತ್ತು ಅಂತ ಎಣಿಸಿದರೆ ಆಗುತ್ತದಾ?

ಕುಂಬಳೆ ಕೋಟೆ:

ಅಕ್ಕಾ, ನೀವು ಹೇಳಿದ್ದು ರೂಢಿಯ ಪ್ರಕಾರ ಸರಿ. 00 ಮತ್ತು 0 ಸೇರಿದರೆ ನೂರು. 1981ರಲ್ಲಿ ಬಂದ, ನಿಮ್ಮದರ ಹಾಗೇ ಪಾತ್ರಗಳಾಗಿ ಆಡುವ ಕಾಲ್ ಆಫ್ ಕ್ತುಲು ಆಟದಲ್ಲಿ ಹಾಗೇ ಓದುತ್ತಾರೆ. ಅಲ್ಲಿ 1 ಎಲ್ಲಕ್ಕಿಂತ ಒಳ್ಳೆಯದು, 100 ಎಲ್ಲಕ್ಕಿಂತ ಕೆಟ್ಟದ್ದು. ಸೊನ್ನೆ ಅನ್ನುವ ಫಲವೇ ಇಲ್ಲ.

ಆದರೆ ಇನ್ನೊಂದು ಓದು ಇದೆ, ಅದೂ ತಪ್ಪಲ್ಲ. ಬಿಡಿ ದಾಳದ 0 ಯಾವಾಗಲೂ ಹತ್ತು ಅಂತ ಇಟ್ಟುಕೊಂಡು ಎರಡನ್ನೂ ಕೂಡಿಸುವುದು. ಆಗ 00 ಮತ್ತು 0 ಸೇರಿದರೆ 10. ನೂರು ಬರಬೇಕಾದರೆ 90 ಮತ್ತು 0 ಬೀಳಬೇಕು. ಹೇಗೆ ಓದಿದರೂ 1ರಿಂದ 100ರವರೆಗಿನ ಪ್ರತಿ ಸಂಖ್ಯೆಗೂ ನೂರರಲ್ಲಿ ಒಂದೇ ಪಾಲು. ಈಗ ನೋಡಿ. ಸೊನ್ನೆ ಅಂದರೆ ಹುಡುಗಿ ಗೆದ್ದಳು. ಹತ್ತು ಅಂದರೂ ಗೆದ್ದಳು. ನೂರು ಅಂದರೆ ಮಾತ್ರ ಸೋತಳು. ಎಸೆಯುವ ಮೊದಲು ಯಾವ ಓದು ಅಂತ ನೀವು ಯಾರೂ ಮಾತಾಡಿಕೊಂಡಿರಲಿಲ್ಲ. ಅವಳಿಗೆ ನೋವಾದದ್ದು ಅದಕ್ಕೇ. ದೋಣಿ ಮುಳುಗಿದ್ದಕ್ಕಲ್ಲ.

ಹತ್ತು ಮುಖದ ದಾಳದ ಮೇಲೆ 10 ಬರೆಯದೆ 0 ಬರೆದದ್ದಕ್ಕೂ ಕಾರಣ ಇದೆ. 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ ಇಂಥದೇ ಆಟ ಬಂದಾಗ ಹತ್ತು ಮುಖದ ದಾಳ ಬಳಕೆಯಲ್ಲಿರಲಿಲ್ಲ. ಇಪ್ಪತ್ತು ಮುಖದ ದಾಳದ ಮೇಲೆ 0ಯಿಂದ 9ರವರೆಗೆ ಎರಡೆರಡು ಸಲ ಬರೆದಿರುತ್ತಿದ್ದರು. ಅದನ್ನು ಎಸೆದರೆ ಸಿಗುತ್ತಿದ್ದದ್ದು ಒಂದು ಅಂಕೆ. ಎರಡು ಸಲ ಎಸೆದು ಹತ್ತರ ಸ್ಥಾನ, ಬಿಡಿ ಸ್ಥಾನ ತುಂಬಿಸುತ್ತಿದ್ದರು. 1980ರ ಹೊತ್ತಿಗೆ ಹತ್ತು ಮುಖದ್ದು ಮಾರಾಟಕ್ಕೆ ಬಂತು, ಅದೇ ಕೆಲಸಕ್ಕೆ. ಹಾಗಾಗಿ ಅದರ ಮೇಲಿನ 0 ಒಂದು ಸ್ಥಾನದ ಅಂಕೆ. ಮಕ್ಕಳಿಗೆ ಶಾಲೆಯ ಬಿಡಿ-ಹತ್ತು-ನೂರು ನೆನಪಿಸಿ, ಥಟ್ಟನೆ ಅರ್ಥ ಆಗುತ್ತದೆ.

ನಿಮ್ಮ ಹತ್ತಿರ ಉಳಿದ ದಾಳವನ್ನು ಒಮ್ಮೆ ಅವರ ಕೈಗೆ ಕೊಡಿ. ಒಂದು ತುದಿಯಲ್ಲಿ ಐದು ಮುಖ ಸೇರುತ್ತವೆ, ಒಂದೊಂದೂ ಪುಟ್ಟ ಗಾಳಿಪಟದ ಆಕಾರ. ಇನ್ನೊಂದು ತುದಿಯಲ್ಲಿ ಇನ್ನೈದು. ನಡುವಿನ ಅಂಚು ನೇರ ಇಲ್ಲ, ಗರಗಸದ ಹಲ್ಲಿನ ಹಾಗೆ ಏರಿ ಇಳಿಯುತ್ತದೆ. ಸುಮ್ನೆ ಚೆಂದಕ್ಕೆ ಹಾಗೆ ಮಾಡಿದ್ದಲ್ಲ. ಐದೈದು ಮುಖದ ಎರಡು ಗೋಪುರಗಳನ್ನು ಬುಡಕ್ಕೆ ಬುಡ ನೇರವಾಗಿ ಅಂಟಿಸಿದ್ದರೆ, ಒಂದು ಮುಖ ಕೆಳಗೆ ಕೂತಾಗ ಮೇಲೆ ಅಂಚು ಬರುತ್ತಿತ್ತು. ಓದುವುದು ಯಾವುದನ್ನು? ಸ್ವಲ್ಪ ತಿರುಚಿ ಸೇರಿಸಿದ್ದರಿಂದ ಮೇಲೆ ಸರಿಯಾಗಿ ಒಂದು ಮುಖ ಬರುತ್ತದೆ. ನನಗೆ ಎಲ್ಲ ದಾಳಗಳಿಗಿಂತ ಇದೇ ಇಷ್ಟ.

ಮುಂದೇನು ಅಂದರೆ, ಆ ಎಸೆತವನ್ನು ಪಕ್ಕಕ್ಕಿಡಿ. ಅವಳನ್ನು ಕರೆದು, ಎರಡೂ ಓದು ತೋರಿಸಿ, ಯಾವುದು ಬೇಕು ಅಂತ ಮಕ್ಕಳೇ ತೀರ್ಮಾನ ಮಾಡಲಿ. ಆಮೇಲೆ ಮತ್ತೆ ಎಸೆಯಲಿ.

ಲೆಕ್ಕದ ಮಾಷ್ಟ್ರು:

ಕವಡೆಯ ವಿಷಯ ನಾನು ಹೇಳುತ್ತೇನೆ. ದಯವಿಟ್ಟು ದಾಳದ ಬದಲಿಗೆ ಹತ್ತು ಕವಡೆ ಬಳಸಬೇಡಿ.

ಮೊದಲನೆಯದು, ಹತ್ತು ಕವಡೆ ಎಸೆದರೆ ಅಂಗಾತ ಬೀಳುವುದು ಒಂದೂ ಇಲ್ಲದಿರಬಹುದು, ಹತ್ತೂ ಇರಬಹುದು. ಅಲ್ಲಿಗೆ ಹನ್ನೊಂದು ಫಲ ಆಯಿತು. ಇನ್ನೂ ದೊಡ್ಡ ತೊಂದರೆ ನಡುವಿನ ಸಂಖ್ಯೆಗಳದ್ದು. ಕವಡೆ ಅಂಗಾತ, ಬೋರಲು ಎರಡೂ ಸಮ ಸಮ ಬೀಳುತ್ತದೆ ಅಂತಲೇ ಇಟ್ಟುಕೊಳ್ಳಿ. ಒಟ್ಟು 1024 ರೀತಿ. ಅದರಲ್ಲಿ ಐದು ಅಂಗಾತ ಬೀಳುವುದು 252 ರೀತಿ. ಹತ್ತೂ ಅಂಗಾತ ಬೀಳುವುದು ಒಂದೇ ಒಂದು ರೀತಿ. ಹತ್ತು ಮುಖದ ದಾಳದಲ್ಲಿ ಪ್ರತಿ ಮುಖಕ್ಕೂ ಹತ್ತರಲ್ಲಿ ಒಂದು ಪಾಲು. ಹೋಲಿಕೆಯೇ ಇಲ್ಲ. ಅದಲ್ಲದೆ ನಿಜವಾದ ಕವಡೆಯ ಬೆನ್ನು ಉಬ್ಬಿದೆ, ಹೊಟ್ಟೆ ಚಪ್ಪಟೆ. ಸಮ ಸಮ ಬೀಳಲೇಬೇಕು ಅಂತ ಇಲ್ಲ.

ಆದರೆ ಪೆಟ್ಟಿಗೆಯನ್ನು ಹಾಗೇ ಮುಚ್ಚಿಡಬೇಡಿ. ನಡುವಿನ ಫಲ ಜಾಸ್ತಿ, ತುದಿಯ ಫಲ ಅಪರೂಪ ಆಗಿರಬೇಕಾದ ಕಡೆ ಕವಡೆ ಚೆನ್ನ. ಇವತ್ತು ಹೊಳೆಯಲ್ಲಿ ಎಷ್ಟು ನೀರು ಅಂತ ತಿಳಿಯಲು ಕವಡೆ ಎಸೆಯಿರಿ. ಸಾಮಾನ್ಯ ದಿನಗಳೇ ಹೆಚ್ಚು ಬರುತ್ತವೆ, ನೆರೆ ಅಪರೂಪಕ್ಕೆ. ಅಜ್ಜ ಇದ್ದರೆ ಅವರೇ ಎಸೆಯಲಿ.

ದಾಳದ ಬದಲಿಗೆ ಲೂಡೋ ದಾಳ ಮತ್ತು ಒಂದು ನಾಣ್ಯ ಸಾಕು. 6 ಬಿದ್ದರೆ ಮತ್ತೆ ಎಸೆಯಿರಿ. 1ರಿಂದ 5 ಬಂದಾಗ ನಾಣ್ಯ ಚಿಮ್ಮಿಸಿ. ಸಿಂಹ ಬಿದ್ದರೆ ಬಂದಷ್ಟೇ, ಇಲ್ಲದಿದ್ದರೆ ಐದು ಕೂಡಿಸಿ. 1ರಿಂದ 10ಕ್ಕೆ ಸಮ ಪಾಲು ಸಿಗುತ್ತದೆ. 10 ಬಂದರೆ 0 ಅಂತ ಓದಿ.

ಉಪ್ಪಳದಿಂದ:

ಮಾಷ್ಟ್ರೇ, ನಾಣ್ಯವೂ ಬೇಡ. ಅಕ್ಕನ ಹತ್ತಿರ 00-90ರ ದಾಳ ಉಳಿದಿದೆಯಲ್ಲ? ಅದನ್ನೇ ಎರಡು ಸಲ ಎಸೆದರಾಯಿತು. ಮೊದಲ ಸಲ ಹತ್ತರ ಸ್ಥಾನ. ಎರಡನೇ ಸಲ ಬಂದದ್ದರಲ್ಲಿ ಹಿಂದಿನ ಸೊನ್ನೆ ಬಿಟ್ಟು ಓದಿ. 70 ಬಂದರೆ 7. ನಾವು ಹಾಸ್ಟೆಲಿನಲ್ಲಿ ಆರು ತಿಂಗಳು ಹೀಗೇ ಆಡಿದ್ದೇವೆ. ಮತ್ತೆ ಅಕ್ಕಾ, ಅಂಚಿರುವ ಸ್ಟೀಲ್ ತಟ್ಟೆಗೆ ಬಟ್ಟೆ ಹಾಸಿ ಅದರೊಳಗೆ ಎಸೆಯಿರಿ. ಕಣಿಗೆ ಹೋಗುವುದಿಲ್ಲ.

ಪೆರ್ಲದ ಓದುಗ:

ನಮ್ಮ ಹತ್ತು ಮುಖದ ದಾಳದಲ್ಲಿ ಯಾವಾಗಲೂ 7 ಬೀಳುತ್ತದೆ ಅಂತ ತಮ್ಮನ ದೂರು. ನೂರು ಸಲ ಎಸೆದು ಬರೆದಿಟ್ಟೆವು, 7 ಬಂದದ್ದು 14 ಸಲ. ದಾಳ ಹಾಳಾಗಿದೆಯಾ ಮಾಷ್ಟ್ರೇ?

ಲೆಕ್ಕದ ಮಾಷ್ಟ್ರು:

ಇಲ್ಲ. ನೂರು ಎಸೆತದಲ್ಲಿ ಒಂದು ಮುಖ ಸರಾಸರಿ ಹತ್ತು ಸಲ ಬರಬೇಕು. ಆದರೆ 4ರಿಂದ 16ರವರೆಗೆ ಆಚೀಚೆ ಆಗುವುದು ಸಹಜ. 14ಕ್ಕೆ ಸಂಶಯ ಪಡಬೇಡಿ. ಸಾವಿರ ಸಲ ಎಸೆದಾಗಲೂ 140 ಬಂದರೆ ಆಗ ದಾಳ ಬದಲಿಸಿ.

ಮುಳ್ಳೇರಿಯದ ಚಿಕ್ಕಮ್ಮ:

ಎಲ್ಲರಿಗೂ ತುಂಬಾ ಉಪಕಾರವಾಯಿತು. ನಿನ್ನೆ ಸಂಜೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡೂ ಓದು ಕಾಗದದ ಮೇಲೆ ಬರೆದು ತೋರಿಸಿದೆ. ಮೊದಲೇ ಹೇಳದೆ ಇದ್ದದ್ದು ನನ್ನ ತಪ್ಪು ಅಂತಲೂ ಹೇಳಿದೆ. ದಾಳವನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ಗಾಳಿಪಟಗಳನ್ನು ಎಣಿಸಿದಳು. ಪಕ್ಕದ ಮನೆಯ ಹುಡುಗನನ್ನೂ ಕೂಗಿ ಕರೆದಳು. ಇಬ್ಬರೂ ಸೇರಿ 00 ಮತ್ತು 0 ಅಂದರೆ ನೂರೇ ಇರಲಿ ಅಂತ ತೀರ್ಮಾನ ಮಾಡಿದರು. ಹುಡುಗ ಅದನ್ನು ಕನ್ನಡದಲ್ಲೂ ಮಲಯಾಳದಲ್ಲೂ ರಟ್ಟಿನ ಮೇಲೆ ಬರೆದು ಗೋಡೆಗೆ ಅಂಟಿಸಿದ.

ಮತ್ತೆ ಎಸಿ ಮಗಳೇ ಅಂದೆ. ಅವಳು ಒಪ್ಪಲಿಲ್ಲ. "ದೋಣಿ ಮುಳುಗಿದ್ದು ಮುಳುಗಲಿ ಚಿಕ್ಕಮ್ಮ. ಓಲೆ ಸೊಂಟಕ್ಕೆ ಕಟ್ಟಿಕೊಂಡು ನಾನು ಈಜಿ ದಾಟ್ತೇನೆ" ಅಂದಳು.

ಅವಳ ಹಾಳೆಯಲ್ಲಿ ಈಜಿಗೆ 30 ಇದೆ. ಹೊಳೆಯ ನೀರಿಗೆ ಅಜ್ಜ ಕವಡೆ ಎಸೆದಾಯಿತು, ನಾಲ್ಕು ಅಂಗಾತ ಬಿದ್ದಿವೆ. ಭಾನುವಾರ ತಟ್ಟೆ ಇಟ್ಟುಕೊಂಡು ಅವಳು ಎಸೆಯುತ್ತಾಳೆ.